ಜೀನ್ಸ್ ಚೂರಿನಿಂದ ಪರದೆಗೆ ಜಾಲರಿ: ನನ್ನ ಅನುಭವ

ಬಳ್ಳಾರಿಯಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಸಿದ್ಧ ಜಾಲರಿಯ (ಅಂಚಿನಲ್ಲಿ ಎಳೆಗಳು ಇಳಿಬಿದ್ದ ಪಟ್ಟಿ) ಬೆಲೆ ಮೀಟರಿಗೆ 60 ರೂಪಾಯಿಗೆ ಕಡಿಮೆಯಿರಲಿಲ್ಲ. ನಡುಮನೆಯ ಪರದೆ, ದಿಂಬಿನ ಗವಸು, ಮೇಜುಹಾಸು ಎಲ್ಲ ಸೇರಿ ಸುಮಾರು 25 ಮೀಟರ್ ಬೇಕಾಗಿದ್ದರಿಂದ ಅಂಚಿಗೇ ಒಂದೂವರೆ ಸಾವಿರ ಸುರಿಯಲು ಮನಸ್ಸು ಒಪ್ಪಲಿಲ್ಲ. ನಮ್ಮೂರಿನ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ಚೂರು ಆಗ ಕಿಲೋಗೆ 30–40 ರೂಪಾಯಿಗೆ ಸಿಗುತ್ತಿತ್ತು. ಅದರಲ್ಲೇ ಜಾಲರಿ ತೆಗೆಯುತ್ತೇನೆಂದಾಗ ಅತ್ತೆಯವರು "ಪರದೆಗೆ ಹರಕು ಪ್ಯಾಂಟ್ ಹಚ್ಚತೀಯೇನವ್ವ?" ಎಂದು ನಕ್ಕರು, ಓಣಿಯ ಟೈಲರ್ ಎರಡು ಸಲ ಒಗೆದರೆ ಎಲ್ಲ ಉದುರುತ್ತದೆ ಎಂದರು. ವರ್ಷ ದಾಟಿದರೂ ಉದುರಿಲ್ಲ.

ಚೂರು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಥಾನಿನ ಕೊನೆಯಲ್ಲಿ ಅಡ್ಡಲಾಗಿ ಉಳಿಯುವ, 58 ಇಂಚಿನಷ್ಟು ಉದ್ದದ ಪಟ್ಟಿಗಳನ್ನೇ ನಾನು ಕೇಳಿ ಪಡೆಯುತ್ತೇನೆ. ಇವುಗಳಲ್ಲಿ ಬಿಳಿಯ ಹೊಕ್ಕನ್ನು (ಥಾನಿನ ಅಗಲಕ್ಕೆ ಓಡುವ ಎಳೆ) ಎಳೆದು ತೆಗೆದರೆ ನೀಲಿಯ ಹಾಸು (ಥಾನಿನ ಉದ್ದಕ್ಕೆ ಓಡುವ ಎಳೆ) ಇಳಿಬಿದ್ದು ಒಳ್ಳೆಯ ಜಾಲರಿಯಾಗುತ್ತದೆ. ಬಿಳಿ ಜಾಲರಿ ಬೇಕಿದ್ದವರು ಉದ್ದಕ್ಕೆ ಕತ್ತರಿಸಿದ ಅಂಚುಪಟ್ಟಿಯಿಂದ ಹಾಸನ್ನು ಎಳೆಯಬೇಕು. ಅಲ್ಲಿ ನೇಯ್ದ ಅಂಚೇ ಎಳೆಗಳನ್ನು ಹಿಡಿದಿಡುವುದರಿಂದ ತಲೆಭಾಗ ಮಡಚುವ ಕೆಲಸವೂ ಉಳಿಯುತ್ತದೆ. ಆದರೆ ಲೈಕ್ರಾ ಬೆರೆತ ಬಟ್ಟೆಯಲ್ಲಿ ಹಿಗ್ಗುವ ಎಳೆ ಸಾಮಾನ್ಯವಾಗಿ ಹೊಕ್ಕಿನಲ್ಲೇ ಇರುತ್ತದೆ. ಹೀಗಾಗಿ ನನ್ನ ಮೊದಲ ಬಿಳಿ ಜಾಲರಿ ಒಗೆದ ಕೂಡಲೇ ಕುರಿಯ ಉಣ್ಣೆಯಂತೆ ಸುರುಳಿಗಟ್ಟಿತು, ಇಸ್ತ್ರಿಗೂ ಜಗ್ಗಲಿಲ್ಲ. ಅಂದಿನಿಂದ ಪ್ರತಿ ಚೂರನ್ನೂ ಅಡ್ಡಲಾಗಿ ಜಗ್ಗಿ ನೋಡಿ, ಹಿಗ್ಗಿದರೆ ನೀಲಿಗೆ ಮಾತ್ರ ಬಳಸುತ್ತೇನೆ.

ಜಾಲರಿ ಮೂರು ಇಂಚು ಇಳಿಯಬೇಕಿದ್ದರೆ ಅಷ್ಟಕ್ಕೆ ಗೆರೆ ಎಳೆದು, 16 ನಂಬರ್ ಸೂಜಿಯಲ್ಲಿ ಸಣ್ಣ ಟಾಕು ಇಟ್ಟು ಎರಡು ಸಾಲು ಹೊಲಿಯುತ್ತೇನೆ. ಟೈಲರ್ ಹೇಳಿದ ಉದುರುವಿಕೆ ಈ ಸಾಲಿಗೆ ಬಂದು ನಿಲ್ಲುತ್ತದೆ. ನಂತರ ಎರಡೆರಡು ಇಂಚಿಗೆ ಆ ಗೆರೆಯವರೆಗೆ ಸೀಳಿದರೆ ತುಂಡು ಎಳೆಗಳು ಸಲೀಸಾಗಿ ಬರುತ್ತವೆ. ಸೀಳದೆ ಪೂರ್ತಿ ಉದ್ದಕ್ಕೆ ಎಳೆಯಹೊರಟರೆ ಎಳೆ ತುಂಡಾಗುತ್ತದೆ, ಬೆರಳೂ ಕೊಯ್ಯುತ್ತದೆ.

ಬಣ್ಣದ ಕಾಟ ಬೇರೆ. ಉಪ್ಪು, ಪಟಿಕ ಎರಡನ್ನೂ ಹಾಕಿ ನೋಡಿದೆ; ನೀಲಿ ಬಿಡುವುದು ನಿಲ್ಲಲಿಲ್ಲ, ಕೆನೆಬಣ್ಣದ ಎರಡು ಗವಸುಗಳು ಹಾಳಾದವು. ನೀರು ತಿಳಿಯಾಗುವವರೆಗೆ ಪಟ್ಟಿಯನ್ನು ಬೇರೆಯಾಗಿಯೇ ಒಗೆಯುವುದು ಖಚಿತವಾದ ದಾರಿ. ಕೊನೆಯ ನೀರಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಈಗ ಅಕ್ಕಪಕ್ಕದವರಿಗೆ ಹೊಲಿದುಕೊಡುತ್ತಿರುವುದರಿಂದ ಅದರ ಹೆಸರು ನನ್ನಲ್ಲೇ ಇರಲಿ.

ನಡುವೆ ಗೋಣಿಚೀಲದಿಂದಲೂ ಪ್ರಯತ್ನಿಸಿದೆ. ನೋಟವೇನೋ ಚೆನ್ನಾಗಿತ್ತು, ಆದರೆ ನಾರು ಉದುರಿ ದಿನವೂ ಕಸ ಗುಡಿಸುವಂತಾಯಿತು. ಸಾಲದ್ದಕ್ಕೆ ನಮ್ಮೂರಿನ ಧೂಳೆಲ್ಲ ಅದರಲ್ಲೇ ಕೂತಿತು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಪರಿಚಿತ ನೇಕಾರರ ಮನೆಯಿಂದ, ಮಗ್ಗದಿಂದ ಸೀರೆ ಇಳಿಸಿದ ಮೇಲೆ ಉಳಿಯುವ ಹಾಸಿನ ತುದಿಗಳನ್ನು ತಂದು, ದಿಂಬಿನ ನಾಲ್ಕು ಮೂಲೆಗೆ ಗೊಂಡೆ ಕಟ್ಟಿದ್ದು ಮಾತ್ರ ಜೀನ್ಸಿಗಿಂತಲೂ ಅಂದವಾಗಿ ಬಂದಿದೆ. ಆದರೆ ಅವು ಗೇಣುದ್ದಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ ಪರದೆಗೆ ಪ್ರಯೋಜನವಿಲ್ಲ.

ಒಟ್ಟು ಖರ್ಚು, ಹಾಳಾದ ಚೂರು, ದಾರ, ಸೂಜಿ ಸೇರಿ 350 ರೂಪಾಯಿ ಮೀರಿರಲಿಕ್ಕಿಲ್ಲ. ಗವಸುಗಳ ನಷ್ಟ ಬೇರೆ. ಜೀನ್ಸ್ ಜಾಲರಿಯ ತೂಕಕ್ಕೆ ತೆಳು ಪರದೆಯೂ ಗಾಳಿಗೆ ಹಾರದೆ ನೆಟ್ಟಗೆ ನಿಲ್ಲುತ್ತದೆ. ಅಂಗಡಿಯ ಪಾಲಿಯೆಸ್ಟರ್ ಜಾಲರಿಯಲ್ಲಿ ಈ ಗುಣ ನಾನು ಕಂಡಿಲ್ಲ. ಒಗೆಯುವಾಗ ಪರದೆಯನ್ನು ಹಳೆಯ ದಿಂಬಿನ ಚೀಲದೊಳಗೆ ಕಟ್ಟಿ ಯಂತ್ರಕ್ಕೆ ಹಾಕಿ, ಹಸಿಯಿರುವಾಗಲೇ ಅಗಲ ಹಲ್ಲಿನ ಬಾಚಣಿಕೆಯಿಂದ ಜಾಲರಿಯನ್ನು ಕೆಳಮುಖವಾಗಿ ಬಾಚಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ನೀಲಿ ಒಂದೇ ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ.