ಹಾಳೆ ಕೂಡಿಡು, ತಟ್ಟೆಯನ್ನಲ್ಲ

ಶಿರಸಿ ಸಮೀಪದ ನಮ್ಮ ಅಡಿಕೆ ಹಾಳೆತಟ್ಟೆ ಘಟಕದ ಮಾಲು ಬಹುಪಾಲು ಜರ್ಮನಿಗೆ ಹೋಗುತ್ತದೆ. ಅಲ್ಲಿನ ಜನ ಬೇಸಿಗೆಯಲ್ಲಿ ಹಿತ್ತಲಲ್ಲೇ ಊಟಕ್ಕೆ ಕೂರುತ್ತಾರೆ. ಬಿಸಿಲು ಕಾದರೆ ಬೇಡಿಕೆ ಏರುತ್ತದೆ, ಮಳೆ ಹಿಡಿದರೆ ಖರೀದಿದಾರ ಫೋನನ್ನೇ ಎತ್ತುವುದಿಲ್ಲ. ಅವರ ಬೇಸಿಗೆ ಎಂದರೆ ನಮ್ಮ ಮಳೆಗಾಲ. ಆಗ ಬಿದ್ದ ಹಾಳೆ ತೋಟದಲ್ಲೇ ಕೊಳೆಯುತ್ತದೆ. ಏನಿದ್ದರೂ ಮೇ ಮುಗಿಯುವುದರೊಳಗೆ ಕೂಡಿಟ್ಟುಕೊಂಡದ್ದೇ ಗತಿ.

ಮೊದಲ ವರ್ಷ ಕೂಡಿಸಿದ್ದನ್ನೆಲ್ಲ ಹತ್ತಿಂಚಿನ ತಟ್ಟೆಯಾಗಿ ಒತ್ತಿಬಿಟ್ಟೆ. ಯಂತ್ರ ಬಿಡುವಿಲ್ಲದೆ ಓಡಿದರೆ ತಟ್ಟೆಯೊಂದರ ಖರ್ಚು ಇಳಿಯುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಜೂನ್‌ನಲ್ಲಿ ಬಂದ ಆರ್ಡರ್ ಮಾತ್ರ ಬಟ್ಟಲಿನದು. ಆಗಸ್ಟ್‌ನಲ್ಲಿ ಪೆಟ್ಟಿಗೆ ಬಿಚ್ಚಿದರೆ ತಟ್ಟೆಗಳ ಅಂಚಿಗೆಲ್ಲ ಬೂದುಬಣ್ಣದ ಬೂಷ್ಟು. "ತಮಾ, ನೆಂಟರು ಬರುವ ಮೊದಲೇ ಯಾರಾದರೂ ತೆಳ್ಳೇವು ದೋಸೆ ಎರೆದಿಡುತ್ತಾರೆಯೇ? ಹಿಟ್ಟು ತಯಾರಿದ್ದರೆ ಸಾಕು" ಎಂದಳು ಆಯಿ.

ಅಲ್ಲಿಂದೀಚೆಗೆ ನಾನು ದಾಸ್ತಾನು ಇಡುವುದು ಒಣಗಿದ ಹಾಳೆಯನ್ನು. ಆರ್ಡರ್ ಬಂದ ಮೇಲೆ ನೆನೆಸಿ, ತೊಳೆದು, ಬೇಕಾದ ಅಚ್ಚಿಗೆ ಒತ್ತುತ್ತೇನೆ. ದೊಡ್ಡ ತಟ್ಟೆಗೆ ಅಗಲದ ಹಾಳೆಯೇ ಬೇಕು, ಬಟ್ಟಲಿಗೆ ಕಿರಿದೂ ನಡೆಯುತ್ತದೆ. ಹಾಗಾಗಿ ಅಗಲದ್ದನ್ನು ಬೇರೆಯೇ ಪೇರಿಸುತ್ತೇನೆ. ಅಡಿಕೆ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಒಮ್ಮೆ ಅಲ್ಲಿಟ್ಟು, ಹೊಗೆವಾಸನೆ ಹಿಡಿಸಿಕೊಂಡದ್ದೂ ಆಗಿದೆ. ಮಳೆಗಾಲದಲ್ಲಿ ಒತ್ತಿದ್ದನ್ನು ಡ್ರೈಯರ್‌ನಲ್ಲಿ ಒಣಗಿಸುವ ಖರ್ಚು ಹೆಚ್ಚು ಬೀಳುತ್ತದೆ, ನಿಜ. ಆದರೆ ಹಾಳೆ ಉಳಿದರೆ ತೋಟಕ್ಕೆ ಗೊಬ್ಬರ. ತಟ್ಟೆ ಉಳಿದರೆ ಅದಕ್ಕೆ ಸುರಿದ ಕೂಲಿ, ವಿದ್ಯುತ್ತು, ಪೆಟ್ಟಿಗೆಯ ದುಡ್ಡು ಎಲ್ಲವೂ ಗೊಬ್ಬರ.

ಸಾಗಣೆಯ ಪಾಠ ಕಲಿತದ್ದು ಆಮೇಲೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತತೊಡಗಿದವು. ಹೆಚ್ಚುಕಡಿಮೆ ಎರಡು ವಾರ ತಡ. ವಿಮಾನಕ್ಕೆ ಹಾಕೋಣವೆಂದರೆ ಒಂದು ಘನ ಮೀಟರ್ ಮಾಲು ಎಷ್ಟೇ ಹಗುರವಿರಲಿ, ಸುಮಾರು 167 ಕಿಲೋಗೆ ಬಾಡಿಗೆ ಹಿಡಿಯುತ್ತಾರೆ. ಹೂವಿನಷ್ಟು ಹಗುರ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದ ತಟ್ಟೆ ಗಾಳಿ ಸಮೇತ ತೂಗಿಸಿಕೊಂಡಿತು! ಬಟ್ಟಲಿನದು ಇನ್ನೂ ಕಷ್ಟ, ಒಂದರೊಳಗೊಂದು ಕೂರಿಸಿದರೂ ಜಾಗ ನುಂಗುತ್ತದೆ.

ಈಗ ಎಂಥ ಮಳೆ ಹಿಡಿದರೂ ಅಲ್ಲಿ ಖರ್ಚಾಗುವಷ್ಟು ಮಾಲು, ಬಟ್ಟಲಂತೂ ಪೂರ್ತಿ, ಮಾರ್ಚ್‌ನಲ್ಲೇ ಹಡಗು ಹತ್ತುತ್ತದೆ. ಜುಲೈಯಲ್ಲಿ ಅವಸರದ ಆರ್ಡರ್ ಬಂದರೆ ಚಪ್ಪಟೆ ತಟ್ಟೆಯನ್ನಷ್ಟೇ ಬೆಂಗಳೂರಿನಿಂದ ವಿಮಾನಕ್ಕೆ ಕೊಡುತ್ತೇನೆ. ಅದರ ಬಾಡಿಗೆಯಲ್ಲಿ ಅರ್ಧ ಖರೀದಿದಾರನದು. ಒಪ್ಪಿಸಲು ಒಂದು ವರ್ಷ ಹಿಡಿಯಿತು. ಆಗ ಬಟ್ಟಲು ಕೇಳಿದರೆ, ಮಾರ್ಚ್‌ನಲ್ಲೇ ಹೇಳಬೇಕಿತ್ತು ಎನ್ನುತ್ತೇನೆ.