ಒಣಪುಡಿ ಇನ್‌ಹೇಲರ್‌ಗೆ ಔಷಧದ ಮಿಶ್ರಣವನ್ನು ರೂಪಿಸುವ ಬಗೆ

ಉಸಿರಿನೊಂದಿಗೆ ಎಳೆದುಕೊಳ್ಳುವ ಒಣಪುಡಿ ಔಷಧವನ್ನು ರೂಪಿಸಲು ಹೊರಟವರಿಗೆ ಎದುರಾಗುವ ಮೊದಲ ಸಂಕಟ ಕಣದ ಗಾತ್ರದ್ದು. ಶ್ವಾಸಕೋಶದ ಒಳಕವಲುಗಳನ್ನು ತಲುಪಲು ಕಣ ಸುಮಾರು 1ರಿಂದ 5 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇರಬೇಕು. ಅದಕ್ಕಿಂತ ದಪ್ಪನೆಯದು ಗಂಟಲಿನ ತಿರುವಿನಲ್ಲಿ ಬಡಿದು ಅಲ್ಲೇ ಉಳಿಯುತ್ತದೆ. ತೀರಾ ಸಣ್ಣದರ ಒಂದು ಪಾಲು ಉಸಿರು ಬಿಟ್ಟಾಗ ಹೊರಗೆ ಬಂದುಬಿಡುತ್ತದೆ. ಆದರೆ ಇಷ್ಟು ಸಣ್ಣ ಕಣಗಳು ಒಂದಕ್ಕೊಂದು, ಪಾತ್ರೆಯ ಗೋಡೆಗೆ, ಚಮಚಕ್ಕೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. ಕಣದ ವ್ಯಾಸ 30 ಮೈಕ್ರಾನ್‌ನಿಂದ 3 ಮೈಕ್ರಾನ್‌ಗೆ ಇಳಿದರೆ ಅದರ ತೂಕ ಸಾವಿರ ಪಟ್ಟು ಕಡಿಮೆಯಾಗುತ್ತದೆ, ಅದನ್ನು ಪಕ್ಕದ ಕಣಕ್ಕೆ ಹಿಡಿದಿಡುವ ವಾನ್ ಡರ್ ವಾಲ್ಸ್ ಬಲವಾದರೋ ಹತ್ತು ಪಟ್ಟು ಮಾತ್ರ ಇಳಿಯುತ್ತದೆ. ಹಾಗಾಗಿ ಮೈಕ್ರಾನ್ ಗಾತ್ರದ ಪುಡಿ ತನ್ನ ತೂಕದಿಂದ ಹರಿಯುವುದೇ ಇಲ್ಲ, ಹಿಡಿ ಹಿಡಿಯಾಗಿ ಬೀಳುತ್ತದೆ. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ನಾವು ಹೊಂದಿಸುತ್ತಿರುವುದು ಈ ಅಂಟನ್ನೇ: ತುಂಬುವಾಗ, ಸಾಗಿಸುವಾಗ ಬೇರ್ಪಡದಷ್ಟು ಬಿಗಿಯಾಗಿರಬೇಕು, ರೋಗಿಯ ಒಂದು ಉಸಿರಿಗೆ ಬಿಟ್ಟುಕೊಡುವಷ್ಟು ಸಡಿಲವೂ ಆಗಿರಬೇಕು.

ಮೊದಲು ಡೋಸ್, ಜೊತೆಗೇ ಸಾಧನ

ಪ್ರಯೋಗಾಲಯದಲ್ಲಿ ಪುಡಿ ಮುಟ್ಟುವ ಮೊದಲು ಎರಡು ವಿಷಯಗಳನ್ನು ಕಾಗದದ ಮೇಲೆ ತೀರ್ಮಾನಿಸಿಕೊಳ್ಳಿ. ಒಂದನೆಯದು, ಒಂದು ಬಾರಿಗೆ ಎಷ್ಟು ಔಷಧ ಹೋಗಬೇಕು ಎಂಬುದು. ಆಸ್ತಮಾದ ಔಷಧಗಳ ಡೋಸ್ ಸಾಮಾನ್ಯವಾಗಿ ಮೈಕ್ರೋಗ್ರಾಂಗಳಲ್ಲಿರುತ್ತದೆ. ಸಾಲ್ಮೆಟೆರಾಲ್‌ನ 50 ಮೈಕ್ರೋಗ್ರಾಂ ಡೋಸನ್ನು 12.5 ಮಿಲಿಗ್ರಾಂ ಪುಡಿಯಲ್ಲಿ ಹಂಚಿ ಕೊಡುವ ಉತ್ಪನ್ನ ಬಹುಕಾಲದಿಂದ ಬಳಕೆಯಲ್ಲಿದೆ. ಇಂಥ ಕಡೆ ಲ್ಯಾಕ್ಟೋಸ್ ವಾಹಕವೇ, ಅಂದರೆ ಔಷಧದ ಸಣ್ಣ ಕಣಗಳನ್ನು ಹೊತ್ತೊಯ್ಯುವ ಹಾಲುಸಕ್ಕರೆಯ ದಪ್ಪ ಕಣಗಳೇ, ಸರಿಯಾದ ದಾರಿ. ಆದರೆ ಟೊಬ್ರಾಮೈಸಿನ್‌ನಂಥ ಪ್ರತಿಜೀವಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅದರ ಒಣಪುಡಿಯಲ್ಲಿ ಒಂದು ಕ್ಯಾಪ್ಸೂಲ್‌ಗೆ 28 ಮಿಲಿಗ್ರಾಂ ಔಷಧವಿದ್ದು, ಒಂದು ಬಾರಿಗೆ ನಾಲ್ಕು ಕ್ಯಾಪ್ಸೂಲ್ ಎಳೆದುಕೊಳ್ಳಬೇಕು. ಅಷ್ಟರ ಮೇಲೆ ವಾಹಕವನ್ನೂ ಸೇರಿಸಿದರೆ ರೋಗಿ ಕೆಮ್ಮಿ ಸುಸ್ತಾಗುತ್ತಾನೆ. ಹೆಚ್ಚಿನ ಡೋಸ್ ಇದ್ದಲ್ಲಿ ವಾಹಕವಿಲ್ಲದ, ಕಣದ ರಚನೆಯಲ್ಲೇ ಜಾಣ್ಮೆ ತೋರಿಸುವ ದಾರಿ ಹಿಡಿಯಬೇಕಾಗುತ್ತದೆ.

ಎರಡನೆಯದು ಸಾಧನ. ಮಿಶ್ರಣವನ್ನು ಮೊದಲು ಮಾಡಿ, ಆಮೇಲೆ ಸಾಧನ ಹುಡುಕೋಣ ಎನ್ನುವ ಯೋಜನೆಗಳು ತಡವರಿಸುವುದನ್ನು ನಾನು ಕಂಡಿದ್ದೇನೆ. ಗಾಳಿಯ ಹರಿವಿಗೆ ಕಡಿಮೆ ಅಡ್ಡಿ ಒಡ್ಡುವ ಸಾಧನದಲ್ಲಿ 4 ಕಿಲೋಪಾಸ್ಕಲ್ ಒತ್ತಡದ ಇಳಿತಕ್ಕೆ ನಿಮಿಷಕ್ಕೆ ಸುಮಾರು 100 ಲೀಟರ್ ಗಾಳಿ ಹರಿದರೆ, ಹೆಚ್ಚು ಅಡ್ಡಿಯ ಸಾಧನದಲ್ಲಿ ಅದೇ ಒತ್ತಡಕ್ಕೆ 40 ಲೀಟರ್‌ಗಿಂತ ತುಸು ಕಡಿಮೆ ಹರಿಯಬಹುದು. ಪುಡಿಯನ್ನು ಒಡೆಯುವ ಸುಳಿ, ಜಾಲರಿ, ಕ್ಯಾಪ್ಸೂಲ್‌ನ ತಿರುಗಾಟ ಎಲ್ಲವೂ ಸಾಧನಕ್ಕೆ ತಕ್ಕಂತೆ ಬೇರೆ. ಒಂದು ಸಾಧನಕ್ಕೆಂದು ಮಾಡಿದ ಪುಡಿಯನ್ನು ಇನ್ನೊಂದು ದಾರಿಯಲ್ಲಿ ಕೊಟ್ಟರೆ ಏನಾಗಬಹುದೆಂಬುದಕ್ಕೆ ಫ್ಲೂ ಜ್ವರದ ಔಷಧವಾದ ಝನಾಮಿವಿರ್‌ನ 2009ರ ಪ್ರಕರಣ ಸಾಕು: ಲ್ಯಾಕ್ಟೋಸ್ ಇದ್ದ ಆ ಪುಡಿಯನ್ನು ದ್ರವದಲ್ಲಿ ಕರಗಿಸಿ ವೆಂಟಿಲೇಟರ್ ಮೂಲಕ ಕೊಟ್ಟಾಗ ಯಂತ್ರ ಕಟ್ಟಿಕೊಂಡು ರೋಗಿ ಮೃತಪಟ್ಟ ಬಳಿಕ, ಹಾಗೆ ಮಾಡಕೂಡದೆಂದು ವೈದ್ಯರಿಗೆ ಎಚ್ಚರಿಕೆ ನೀಡಬೇಕಾಯಿತು.

ಕಣವನ್ನು ಸಣ್ಣದು ಮಾಡುವುದು

ಸ್ಫಟಿಕ ರೂಪದ ಔಷಧವನ್ನು ಸಣ್ಣದು ಮಾಡಲು ಜೆಟ್ ಮಿಲ್ ಇಂದಿಗೂ ಮೊದಲ ಆಯ್ಕೆ. ಇಲ್ಲಿ ಬ್ಲೇಡು, ಗುಂಡು ಯಾವುದೂ ಇಲ್ಲ. ಒತ್ತಡದ ಗಾಳಿ ಅಥವಾ ಸಾರಜನಕದ ಸುಳಿಯಲ್ಲಿ ಕಣಗಳೇ ಒಂದಕ್ಕೊಂದು ಬಡಿದು ಒಡೆಯುತ್ತವೆ. ಪುಡಿಯನ್ನು ನಿಧಾನವಾಗಿ ಉಣಿಸಿದಷ್ಟೂ ಕಣ ಸಣ್ಣದಾಗುತ್ತದೆ, ಅವಸರ ಮಾಡಿದರೆ ದಪ್ಪನಾಗುತ್ತದೆ. ಅರ್ಧದಷ್ಟು ಕಣಗಳು 2 ಮೈಕ್ರಾನ್ ಆಸುಪಾಸಿನಲ್ಲಿ, ಶೇ. 90ರಷ್ಟು 5 ಮೈಕ್ರಾನ್‌ನ ಒಳಗೆ ಬರುವಂತೆ ಗುರಿಯಿಟ್ಟುಕೊಳ್ಳಿ. ಗಾತ್ರವನ್ನು ಲೇಸರ್ ಯಂತ್ರದಲ್ಲಿ ಅಳೆಯುವಾಗ ಒಂದೇ ಒತ್ತಡದ ಫಲಿತಾಂಶವನ್ನು ನಂಬಬೇಡಿ. ಒತ್ತಡವನ್ನು ಹಂತಹಂತವಾಗಿ ಏರಿಸಿ, ಎಷ್ಟರಲ್ಲಿ ಗಾತ್ರ ಇಳಿಯುವುದು ನಿಲ್ಲುತ್ತದೆ ಎಂದು ನೋಡಿದರೆ ಆ ಪುಡಿಯ ಅಂಟು ಎಷ್ಟು ಗಟ್ಟಿ ಎಂಬುದರ ಅಂದಾಜು ಪುಕ್ಕಟೆಯಾಗಿ ಸಿಗುತ್ತದೆ.

ಜೆಟ್ ಮಿಲ್‌ನಿಂದ ಹೊರಬಂದ ಪುಡಿ ಶಾಂತವಾಗಿರುವುದಿಲ್ಲ. ಬಡಿತಕ್ಕೆ ಸಿಕ್ಕ ಮೇಲ್ಮೈಯಲ್ಲಿ ಸ್ಫಟಿಕದ ಜೋಡಣೆ ಅಲ್ಲಲ್ಲಿ ಕೆಟ್ಟು ಅಸ್ಫಟಿಕ (ಅಣುಗಳ ಕ್ರಮಬದ್ಧ ಜೋಡಣೆಯಿಲ್ಲದ) ತೇಪೆಗಳು ಉಳಿದಿರುತ್ತವೆ. ಅವು ಗಾಳಿಯ ತೇವವನ್ನು ಹೀರಿ ಮೆದುವಾಗಿ, ಮತ್ತೆ ಸ್ಫಟಿಕವಾಗುವಾಗ ಪಕ್ಕದ ಕಣದೊಂದಿಗೆ ಸೇತುವೆ ಕಟ್ಟಿಕೊಳ್ಳುತ್ತವೆ. ಮಿಲ್ ಮಾಡಿದ ದಿನ ಬಾಟಲಿಯನ್ನು ಓರೆ ಮಾಡಿದರೆ ಹೊಗೆಯಂತೆ ಸರಿಯುತ್ತಿದ್ದ ಪುಡಿ, ಒಂದು ವಾರದ ಬಳಿಕ ಅದೇ ಬಾಟಲಿಯಲ್ಲಿ ಬಿಲ್ಲೆಯಂತೆ ಕೂತು, ತಟ್ಟಿದರೆ ಹೋಳಾಗಿ ಬಿದ್ದದ್ದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ಉದಾಸೀನ ಉಳಿದಿಲ್ಲ. ಪುಡಿಯ ಕ್ಷ-ಕಿರಣ ಪರೀಕ್ಷೆ ಶೇಕಡಾ ಒಂದೆರಡರಷ್ಟಿರುವ ಅಸ್ಫಟಿಕ ಭಾಗವನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ತೇವವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತ ತೂಕ ನೋಡುವ ಯಂತ್ರ ಹಿಡಿಯುತ್ತದೆ. ಪರಿಹಾರವೆಂದರೆ ಮಿಲ್ ಮಾಡಿದ ಪುಡಿಯನ್ನು ನಿಯಂತ್ರಿತ ತಾಪ ಮತ್ತು ತೇವದಲ್ಲಿ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಆ ತೇಪೆಗಳು ನಮ್ಮ ಕಣ್ಣೆದುರೇ ಸ್ಫಟಿಕವಾಗಲು ಬಿಡುವುದು. ನೀರಿಗೆ ಸ್ಪಂದಿಸದ ಔಷಧಗಳಿಗೆ ಶಾಖ ಅಥವಾ ಎಥನಾಲ್‌ನಂಥ ದ್ರಾವಕದ ಆವಿ ಬೇಕಾಗಬಹುದು. ಈ ವಿಶ್ರಾಂತಿಯನ್ನು ಕೊಡದೆ ಮಿಶ್ರಣಕ್ಕೆ ಕೈಹಾಕಬೇಡಿ. ಇಷ್ಟು ಸಣ್ಣ ಪುಡಿ ಕೆಲಸ ಮಾಡುವವರ ಶ್ವಾಸಕೋಶಕ್ಕೂ ಅಷ್ಟೇ ಸಲೀಸಾಗಿ ಇಳಿಯುತ್ತದೆ, ಆದ್ದರಿಂದ ಎಲ್ಲವೂ ಮುಚ್ಚಿದ ಗ್ಲೋವ್ ಬಾಕ್ಸ್‌ನ ಒಳಗೇ ನಡೆಯಬೇಕು.

ವಾಹಕ ಮತ್ತು ಮಿಶ್ರಣ

ವಾಹಕವೆಂದರೆ ಬಹುತೇಕ ಆಲ್ಫಾ ಲ್ಯಾಕ್ಟೋಸ್ ಮೋನೋಹೈಡ್ರೇಟ್. 50ರಿಂದ 100 ಮೈಕ್ರಾನ್ ಗಾತ್ರದ ಈ ಕಣಗಳು ಹರಿಯಬಲ್ಲವು, ಅಳತೆಗೆ ಸಿಗಬಲ್ಲವು. ಔಷಧದ ಸಣ್ಣ ಕಣಗಳು ಇವುಗಳ ಬೆನ್ನೇರಿ ಕೂರುತ್ತವೆ. ಉಸಿರೆಳೆದಾಗ ಲ್ಯಾಕ್ಟೋಸ್ ಗಂಟಲಿನಲ್ಲಿ ಉಳಿದು, ಔಷಧ ಮಾತ್ರ ಬಿಡಿಸಿಕೊಂಡು ಮುಂದೆ ಹೋಗಬೇಕು. ತೊಂದರೆ ಏನೆಂದರೆ, ಲ್ಯಾಕ್ಟೋಸ್ ಕಣದ ಮೇಲ್ಮೈ ಒಂದೇ ತೆರನಾಗಿರುವುದಿಲ್ಲ. ಅದರ ಬಿರುಕುಗಳಲ್ಲಿ, ತಗ್ಗುಗಳಲ್ಲಿ ಹೊಕ್ಕ ಔಷಧದ ಕಣ ಅಲ್ಲಿಂದ ಏಳುವುದೇ ಇಲ್ಲ. ಮಿಶ್ರಣದಲ್ಲಿ ಔಷಧದ ಪ್ರಮಾಣ ಕಡಿಮೆಯಿದ್ದಷ್ಟೂ ಈ ಬಿಗಿ ಜಾಗಗಳಿಗೆ ಹೋಗುವ ಪಾಲು ದೊಡ್ಡದಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ನುಣುಪು ಲ್ಯಾಕ್ಟೋಸ್. 10 ಮೈಕ್ರಾನ್‌ಗಿಂತ ಸಣ್ಣದಾದ ಲ್ಯಾಕ್ಟೋಸ್ ಪುಡಿಯನ್ನು ಶೇ. 5ರಿಂದ 10ರಷ್ಟು ಸೇರಿಸಿದರೆ ಔಷಧ ಹೆಚ್ಚು ಬಿಡುಗಡೆಯಾಗುತ್ತದೆ. ಅದು ಬಿಗಿ ಜಾಗಗಳನ್ನು ಮೊದಲೇ ತುಂಬಿಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಔಷಧದೊಂದಿಗೆ ಸೇರಿ ಸಡಿಲ ಗುಂಪುಗಳನ್ನು ಕಟ್ಟಿಕೊಂಡು, ಆ ಗುಂಪೇ ಸುಲಭವಾಗಿ ಹಾರಿಹೋಗುತ್ತದೆ ಎಂದು ಇನ್ನು ಕೆಲವರು. ನನ್ನ ಮಟ್ಟಿಗೆ ಎರಡೂ ನಡೆಯುತ್ತವೆ, ಯಾವುದು ಮೇಲುಗೈ ಎಂಬುದು ಔಷಧಕ್ಕೆ ತಕ್ಕಂತೆ ಬದಲಾಗುತ್ತದೆ. ಅತಿಯಾದರೆ ಮಿಶ್ರಣ ಹರಿಯದೆ ತುಂಬುವ ಯಂತ್ರ ಮುನಿಸಿಕೊಳ್ಳುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಇಷ್ಟರಿಂದಲೂ ಸಾಲದಿದ್ದರೆ ಮೆಗ್ನೀಸಿಯಂ ಸ್ಟಿಯರೇಟನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಬಹುದು. ಅದು ಮೇಲ್ಮೈಗೆ ಎಣ್ಣೆ ಸವರಿದಂತೆ ಕೆಲಸ ಮಾಡಿ ಅಂಟನ್ನೂ ತೇವವನ್ನೂ ತಗ್ಗಿಸುತ್ತದೆ.

ಬೆರೆಸುವ ಕ್ರಮ ಹೀಗಿರಲಿ. ವಾಹಕದ ಅರ್ಧವನ್ನು ಪಾತ್ರೆಗೆ ಹಾಕಿ, ಮೇಲೆ ಜರಡಿ ಹಿಡಿದ ಔಷಧವನ್ನು ಹರಡಿ, ಉಳಿದರ್ಧವನ್ನು ಅದರ ಮೇಲೆ ಮುಚ್ಚಿ. ನುಣುಪು ಲ್ಯಾಕ್ಟೋಸ್ ಬಳಸುವುದಿದ್ದರೆ ಅದನ್ನು ವಾಹಕದೊಂದಿಗೆ ಮೊದಲೇ ಬೆರೆಸಿಟ್ಟುಕೊಳ್ಳಿ. ಈ ಸರದಿಯನ್ನು ಬದಲಿಸಿದರೆ ಫಲಿತಾಂಶವೂ ಬದಲಾಗಬಹುದು. ಪಾತ್ರೆ ಉರುಳಿಸುವ ಮೃದು ಮಿಕ್ಸರ್‌ನಲ್ಲಿ ಔಷಧದ ಗಂಟುಗಳು ಒಡೆಯದೆ ಉಳಿಯಬಹುದು, ಆಗ ನಡುವೆ ನಿಲ್ಲಿಸಿ ಮತ್ತೊಮ್ಮೆ ಜರಡಿ ಹಿಡಿಯಬೇಕು. ಜೋರಾಗಿ ಕಡೆಯುವ ಮಿಕ್ಸರ್ ಗಂಟುಗಳನ್ನು ಒಡೆಯುತ್ತದೆ, ಆದರೆ ಹೆಚ್ಚು ಹೊತ್ತು ಓಡಿಸಿದರೆ ಔಷಧವನ್ನು ಲ್ಯಾಕ್ಟೋಸ್‌ನೊಳಕ್ಕೆ ಒತ್ತಿಬಿಡುತ್ತದೆ. ಆಗ ಮಿಶ್ರಣದ ಏಕರೂಪತೆಯ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಶ್ವಾಸಕೋಶಕ್ಕೆ ಹೋಗುವ ಪಾಲು ಮಾತ್ರ ಕುಸಿದಿರುತ್ತದೆ. ಆದ್ದರಿಂದ ಮಿಶ್ರಣದ ಬೇರೆ ಬೇರೆ ಜಾಗಗಳಿಂದ ಹತ್ತು ಮಾದರಿ ತೆಗೆದು ಅವುಗಳ ನಡುವಿನ ವ್ಯತ್ಯಾಸ ಶೇ. 5ರೊಳಗಿದೆ ಎಂದು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಬೆರೆಸುವ ಅವಧಿಯನ್ನು ಮೂರ್ನಾಲ್ಕು ಹಂತಗಳಲ್ಲಿ ಬದಲಿಸಿ, ಪ್ರತಿ ಹಂತದ ಪುಡಿಯನ್ನೂ ಇಂಪ್ಯಾಕ್ಟರ್‌ನಲ್ಲಿ, ಅಂದರೆ ಗಾಳಿಯಲ್ಲಿ ಹಾರುವ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಹಿಡಿಯುವ ಉಪಕರಣದಲ್ಲಿ, ಪರೀಕ್ಷಿಸಿ.

ಬೆರೆಸಿದ ತಕ್ಷಣ ಪುಡಿಯಲ್ಲಿ ಸ್ಥಿರವಿದ್ಯುತ್ ತುಂಬಿರುತ್ತದೆ. ಅದನ್ನು ಒಂದೆರಡು ದಿನ ಸುಮ್ಮನೆ ಬಿಟ್ಟು ಆಮೇಲೆ ತುಂಬುವುದು ಒಳ್ಳೆಯದು. ಹಿಂದೊಮ್ಮೆ ನಾವು ಈ ಕಾಯುವಿಕೆಯನ್ನು ತಪ್ಪಿಸಿ, ಬೆರೆಸಿದ ದಿನವೇ ಪರೀಕ್ಷಿಸಿ ಮಿಶ್ರಣವನ್ನು ತಿರಸ್ಕರಿಸಿದ್ದೆವು. ಉಳಿದಿದ್ದ ಅದೇ ಪುಡಿಯನ್ನು ಕುತೂಹಲಕ್ಕೆಂದು ಮುಂದಿನ ವಾರ ನೋಡಿದಾಗ ಫಲಿತಾಂಶ ಗುರಿಯೊಳಗಿತ್ತು.

ಲ್ಯಾಕ್ಟೋಸ್ ಒಗ್ಗದಿದ್ದಾಗ

ಲ್ಯಾಕ್ಟೋಸ್ ಅಪಕರ್ಷಕ ಸಕ್ಕರೆ. ಅಮೈನೋ ಗುಂಪುಳ್ಳ ಪೆಪ್ಟೈಡ್, ಪ್ರೋಟೀನುಗಳೊಂದಿಗೆ ಅದು ಮೈಲಾರ್ಡ್ ಕ್ರಿಯೆ ನಡೆಸಿ ಕಂದುಬಣ್ಣಕ್ಕೆ ತಿರುಗಬಹುದು. ಅದರಲ್ಲಿ ಹಾಲಿನ ಪ್ರೋಟೀನಿನ ಅಂಶ ಉಳಿದಿರುವುದರಿಂದ ತೀವ್ರ ಹಾಲಿನ ಅಲರ್ಜಿ ಇರುವವರಿಗೂ ಆಗದು. ಮ್ಯಾನಿಟಾಲ್, ಟ್ರೆಹಲೋಸ್ ಇಂಥಲ್ಲಿ ಬಳಕೆಗೆ ಬರುತ್ತವೆ.

ಪ್ರೋಟೀನುಗಳಿಗೆ, ದೊಡ್ಡ ಡೋಸ್‌ಗಳಿಗೆ ಸ್ಪ್ರೇ ಡ್ರೈಯಿಂಗ್, ಅಂದರೆ ದ್ರಾವಣವನ್ನು ಬಿಸಿಗಾಳಿಯಲ್ಲಿ ಸಣ್ಣ ಹನಿಗಳಾಗಿ ಸಿಂಪಡಿಸಿ ಒಣಗಿಸುವುದು, ಹೆಚ್ಚು ಹೊಂದುತ್ತದೆ. ಒಣಗಿದ ಕಣದ ಗಾತ್ರವನ್ನು ಮೊದಲೇ ಲೆಕ್ಕ ಹಾಕಬಹುದು: ದ್ರಾವಣದ ಪ್ರತಿ ಮಿಲಿಲೀಟರ್‌ನಲ್ಲಿ ಕರಗಿರುವ ವಸ್ತುವಿನ ತೂಕವನ್ನು ಕಣದ ಸಾಂದ್ರತೆಯಿಂದ ಭಾಗಿಸಿ, ಘನಮೂಲ ತೆಗೆದು, ಹನಿಯ ವ್ಯಾಸದಿಂದ ಗುಣಿಸಬೇಕು. ಮಿಲಿಲೀಟರ್‌ಗೆ 10 ಮಿಲಿಗ್ರಾಂ ದ್ರಾವಣದ 10 ಮೈಕ್ರಾನ್ ಹನಿ, ಕಣದ ಸಾಂದ್ರತೆ ಘನ ಸೆಂಟಿಮೀಟರ್‌ಗೆ 1 ಗ್ರಾಂ ಎಂದಿಟ್ಟುಕೊಂಡರೆ, ಒಣಗಿ ಸುಮಾರು 2.2 ಮೈಕ್ರಾನ್ ಕಣವಾಗುತ್ತದೆ. ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿದರೆ ಅದು ಒಣಗುವ ಹನಿಯ ಹೊರಪದರಕ್ಕೆ ಸರಿದು, ಸುಕ್ಕುಗಟ್ಟಿದ ಚಿಪ್ಪಿನಂತೆ ಮುಚ್ಚಿಕೊಂಡು ಕಣಗಳ ನಡುವಿನ ಸ್ಪರ್ಶವನ್ನು ಕಡಿಮೆ ಮಾಡುತ್ತದೆ.

ಕಣವನ್ನು ಹಗುರಗೊಳಿಸುವುದು ಇನ್ನೊಂದು ಉಪಾಯ. ಗಾಳಿಯಲ್ಲಿ ಕಣದ ನಡವಳಿಕೆ ಅದರ ಅಳತೆಯ ಜೊತೆಗೆ ಸಾಂದ್ರತೆಯ ವರ್ಗಮೂಲವನ್ನೂ ಅವಲಂಬಿಸಿದೆ. ಘನ ಸೆಂಟಿಮೀಟರ್‌ಗೆ 0.1 ಗ್ರಾಂ ಸಾಂದ್ರತೆಯ 10 ಮೈಕ್ರಾನ್ ಗೋಳ, ಹಾರುವಾಗ ಸುಮಾರು 3.2 ಮೈಕ್ರಾನ್ ಕಣದಂತೆ ವರ್ತಿಸುತ್ತದೆ. 1997ರಲ್ಲಿ ಡೇವಿಡ್ ಎಡ್ವರ್ಡ್ಸ್ ಮತ್ತು ಸಂಗಡಿಗರು ತೋರಿಸಿಕೊಟ್ಟ ದೊಡ್ಡ, ರಂಧ್ರಮಯ ಕಣಗಳ ಹಿಂದಿರುವ ತತ್ವ ಇದೇ. ದೊಡ್ಡದಾದ್ದರಿಂದ ಅವು ಕಡಿಮೆ ಅಂಟುತ್ತವೆ, ಟೊಳ್ಳಾದ್ದರಿಂದ ದೂರ ಹೋಗುತ್ತವೆ. ಮೇಲೆ ಹೇಳಿದ ಟೊಬ್ರಾಮೈಸಿನ್ ಪುಡಿಯೂ ಇಂಥ ಸ್ಪಂಜಿನಂಥ ಕಣಗಳದ್ದೇ. ಸ್ಪ್ರೇ ಡ್ರೈಯಿಂಗ್‌ನಿಂದ ಬಂದ ಕಣ ಹಲವು ಬಾರಿ ಅಸ್ಫಟಿಕವಾಗಿಯೇ ಇರುತ್ತದೆ. ಅದು ಮೆದುವಾಗುವ ತಾಪಮಾನವು ದಾಸ್ತಾನಿನ ತಾಪಕ್ಕಿಂತ ಕನಿಷ್ಠ 50 ಡಿಗ್ರಿ ಸೆಲ್ಸಿಯಸ್ ಮೇಲಿರಲಿ ಎಂಬುದು ರೂಢಿಯ ಸೂತ್ರ. ನೀರು ಸೇರಿದರೆ ಆ ತಾಪಮಾನ ವೇಗವಾಗಿ ಇಳಿಯುತ್ತದೆ.

ಇಂಪ್ಯಾಕ್ಟರ್‌ನಲ್ಲಿ ಅಳೆಯುವುದು

ಅಳತೆಗೆ ಹೆಚ್ಚಾಗಿ ಬಳಸುವುದು ಏಳು ಹಂತಗಳ ನೆಕ್ಸ್ಟ್ ಜನರೇಷನ್ ಇಂಪ್ಯಾಕ್ಟರ್. ಸಾಧನದ ಮೇಲೆ 4 ಕಿಲೋಪಾಸ್ಕಲ್ ಒತ್ತಡದ ಇಳಿತ ಬರುವಂತೆ ಗಾಳಿಯ ಹರಿವನ್ನು ಹೊಂದಿಸಿ, 4 ಲೀಟರ್ ಗಾಳಿ ಎಳೆಯಬೇಕು. ಹರಿವು ನಿಮಿಷಕ್ಕೆ 60 ಲೀಟರ್ ಆದರೆ 4 ಸೆಕೆಂಡು, 100 ಲೀಟರ್ ಆದರೆ 2.4 ಸೆಕೆಂಡು. ಪ್ರತಿ ಹಂತದಲ್ಲಿ ಕಣಗಳನ್ನು ಹಿಡಿಯುವ ಬಟ್ಟಲುಗಳಿಗೆ ತೆಳುವಾದ ಅಂಟುಲೇಪ ಹಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಬಿದ್ದ ಕಣ ಪುಟಿದು ಕೆಳಹಂತಕ್ಕೆ ಹಾರಿ, ಇಲ್ಲದ ಸೂಕ್ಷ್ಮ ಕಣಗಳನ್ನು ಲೆಕ್ಕದಲ್ಲಿ ತೋರಿಸುತ್ತದೆ. 60 ಲೀಟರ್ ಹರಿವಿನಲ್ಲಿ ಮೊದಲ ಹಂತದ ಗಡಿ (ಇದಕ್ಕಿಂತ ದಪ್ಪ ಕಣಗಳು ಅಲ್ಲೇ ಉಳಿದು, ಸಣ್ಣವು ಮುಂದೆ ಸಾಗುತ್ತವೆ) 8.06 ಮೈಕ್ರಾನ್, ಎರಡನೆಯದರದು 4.46 ಮೈಕ್ರಾನ್. 5 ಮೈಕ್ರಾನ್‌ಗೆ ಸರಿಯಾದ ಗಡಿ ಯಾವ ಬಟ್ಟಲಿನಲ್ಲೂ ಇಲ್ಲದ ಕಾರಣ, ಅದರೊಳಗಿನ ಔಷಧವನ್ನು ಎರಡು ಗಡಿಗಳ ನಡುವಿನ ಲೆಕ್ಕದಿಂದಲೇ ಪಡೆಯಬೇಕು.

ರಾಸಾಯನಿಕ ವಿಶ್ಲೇಷಣೆಗೆ ಮೊದಲು ಉಪಕರಣವನ್ನು ತೆರೆದು ಕಣ್ಣಿನಿಂದ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗಂಟಲಿನ ಆಕಾರದ ಕೊಳವೆಯ ತಿರುವಿನಲ್ಲಿ ದಪ್ಪ ಬಿಳಿ ಚುಕ್ಕೆ ಇದ್ದರೆ ಗಂಟುಗಳು ಒಡೆದಿಲ್ಲ. ಮೊದಲ ಹಂತಕ್ಕೂ ಮುಂಚೆ ದಪ್ಪ ಕಣಗಳನ್ನು ತಡೆಯುವ ಮುಂಗಡ ಬೇರ್ಪಡಕದಲ್ಲಿ ಔಷಧ ಹೆಚ್ಚು ಸಿಕ್ಕರೆ ಅದು ವಾಹಕವನ್ನು ಬಿಟ್ಟಿಲ್ಲ ಎಂದರ್ಥ; ಬೆರೆಸುವ ಹಂತಕ್ಕೆ ಹಿಂತಿರುಗಿ. ಕ್ಯಾಪ್ಸೂಲ್‌ನಲ್ಲೇ ಉಳಿದಿದ್ದರೆ ತಪ್ಪು ಹರಿವಿನದ್ದೋ, ಕ್ಯಾಪ್ಸೂಲ್‌ಗೆ ಚುಚ್ಚಿದ ತೂತಿನದ್ದೋ, ತೇವದ್ದೋ ಇರಬಹುದು. ಎಲ್ಲ ಭಾಗಗಳಿಂದ ಸಿಕ್ಕ ಔಷಧವನ್ನು ಕೂಡಿಸಿದಾಗ ಡೋಸ್‌ನ ಶೇ. 85ರಿಂದ 115ರೊಳಗೆ ಬಾರದಿದ್ದರೆ ಆ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. 4 ಕಿಲೋಪಾಸ್ಕಲ್‌ನಲ್ಲಿ ಒಪ್ಪಿಗೆಯಾದ ಮಿಶ್ರಣವನ್ನು 2 ಮತ್ತು 6ರಲ್ಲೂ ನೋಡಿ, ಏಕೆಂದರೆ ಉಬ್ಬಸದ ನಡುವೆ ಇರುವ ರೋಗಿ ಪ್ರಯೋಗಾಲಯದ ಪಂಪಿನಂತೆ ಎಳೆಯಲಾರ. ಸಾಧನದಿಂದ ಹೊರಬರುವ ಡೋಸ್‌ನ ಏಕರೂಪತೆಗೆ ಯುರೋಪಿನ ಔಷಧ ಸಂಹಿತೆಯ ಅಳತೆಗೋಲು ಹೀಗಿದೆ: ಹತ್ತರಲ್ಲಿ ಒಂಬತ್ತು ಡೋಸ್‌ಗಳು ಸರಾಸರಿಯ ಶೇ. 75ರಿಂದ 125ರೊಳಗೆ, ಎಲ್ಲ ಹತ್ತೂ ಶೇ. 65ರಿಂದ 135ರೊಳಗೆ ಇರಬೇಕು.

ತುಂಬುವಿಕೆ ಮತ್ತು ತೇವ

ಜೆಲಟಿನ್ ಕ್ಯಾಪ್ಸೂಲ್‌ನಲ್ಲಿ ಶೇ. 13ರಿಂದ 16ರಷ್ಟು ನೀರಿರುತ್ತದೆ. ತೇವ ಹೀರುವ ಪುಡಿ ಅದನ್ನು ಎಳೆದುಕೊಂಡರೆ ಕ್ಯಾಪ್ಸೂಲ್ ಒಣಗಿ, ಚುಚ್ಚುವಾಗ ಚೂರಾಗುತ್ತದೆ. ಸಸ್ಯಮೂಲದ ಸೆಲ್ಯುಲೋಸಿನಿಂದ ಮಾಡಿದ, ಕಡಿಮೆ ನೀರಿನ ಹೈಪ್ರೊಮೆಲೋಸ್ ಕ್ಯಾಪ್ಸೂಲ್ ಇಂಥಲ್ಲಿ ಮೇಲು. ತುಂಬುವ ಕೋಣೆಯ ಸಾಪೇಕ್ಷ ತೇವ ತೀರಾ ಇಳಿದರೆ ಸ್ಥಿರವಿದ್ಯುತ್ತಿನ ಕಾಟ, ಶೇ. 60 ದಾಟಿದರೆ ಕಣಗಳ ನಡುವೆ ನೀರಿನ ಸೂಕ್ಷ್ಮ ಸೇತುವೆಗಳ ಕಾಟ. ಲ್ಯಾಕ್ಟೋಸ್ ಮಿಶ್ರಣಗಳಿಗೆ ಶೇ. 40ರಿಂದ 50ರ ನಡುವೆ ಕೆಲಸ ಮಾಡುವುದು ನಿರಾಳ. ಸ್ಪ್ರೇ ಡ್ರೈಯಿಂಗ್‌ನ ಅಸ್ಫಟಿಕ ಪುಡಿಗೆ ಇದಕ್ಕಿಂತ ಬಹಳ ಒಣ ವಾತಾವರಣ ಬೇಕು.

ಬಾಳಿಕೆಯ ಪರೀಕ್ಷೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 60 ತೇವ, 40 ಡಿಗ್ರಿ ಮತ್ತು ಶೇ. 75 ತೇವ ಇವೆರಡರಲ್ಲೂ ಮಾದರಿಗಳನ್ನಿಡಿ. ಔಷಧದ ರಾಸಾಯನಿಕ ಅಂಶ ನೂರಕ್ಕೆ ನೂರು ಉಳಿದಿದ್ದರೂ ಸೂಕ್ಷ್ಮ ಕಣಗಳ ಪಾಲು ಅರ್ಧಕ್ಕಿಳಿದಿರಬಹುದು, ಆದ್ದರಿಂದ ಪ್ರತಿ ಅವಧಿಯಲ್ಲೂ ಇಂಪ್ಯಾಕ್ಟರ್ ಪರೀಕ್ಷೆಯನ್ನು ಬಿಡುವಂತಿಲ್ಲ. ಹಾಳೆಯ ಹೊದಿಕೆಯೊಳಗಿನ ಮಾದರಿಗಳ ಜೊತೆಗೆ ಹೊದಿಕೆ ತೆಗೆದವುಗಳನ್ನೂ ಇಡಿ. ಹೊದಿಕೆ ತೆರೆದ ಮೇಲೆ ಎಷ್ಟು ದಿನಗಳೊಳಗೆ ಬಳಸಬೇಕೆಂದು ಲೇಬಲ್‌ನಲ್ಲಿ ಬರೆಯುವ ಸಂಖ್ಯೆ ಈ ಎರಡನೆಯ ಗುಂಪಿನಿಂದಲೇ ಬರಬೇಕು.