ಹಕ್ಕಿಗಿಂತ ಮೊದಲು ನೀರಿನ ಮಟ್ಟ

ತುಂಗಭದ್ರಾ ಹಿನ್ನೀರಿಗೆ ಹಕ್ಕಿ ನೋಡಲು ಹೊರಡುವ ಮುನ್ನ ನಾನು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುತ್ತೇನೆ. ಗರಿಷ್ಠ ಮಟ್ಟ 1633 ಅಡಿ. ನೀರು ಅದರ ಹತ್ತಿರವೇ ನಿಂತಿದ್ದರೆ ಕೊಪ್ಪಳದ ಕಡೆಯ ದಂಡೆಯಲ್ಲಿ ಸಿಗುವುದು ಜಾಲಿಗಿಡ ಮತ್ತು ದೂರದಲ್ಲಿ ತೇಲುವ ಕಪ್ಪು ಚುಕ್ಕೆಗಳು ಮಾತ್ರ. ಕಾಲುವೆಗಳಿಗೆ ನೀರು ಹರಿದು ಮಟ್ಟ ಇಳಿದಂತೆ ಕೆಸರಿನ ಬಯಲು ಬಿಚ್ಚಿಕೊಳ್ಳುತ್ತದೆ. ಹಿನ್ನೀರಿನ ಅಂಚು ಬಹುಪಾಲು ಸಮತಟ್ಟು. ಒಂದಡಿ ಇಳಿದರೂ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಹೋದ ವಾರ ಮೆಟ್ಟುಗಾಲು ಹಕ್ಕಿಗಳು ಕೊಕ್ಕಾಡಿಸುತ್ತಿದ್ದ ಜಾಗ ಈ ವಾರ ಬಿರುಕು ಬಿಟ್ಟಿರುತ್ತದೆ. ಹಾಗಾಗಿ ಯಾರಾದರೂ 'ಸ್ಪಾಟ್' ಎಲ್ಲಿ ಎಂದು ಕೇಳಿದರೆ ನನ್ನ ಬಳಿ ಉತ್ತರವಿರುವುದಿಲ್ಲ.

ಇಲ್ಲಿ ಎಲ್ಲರೂ ಕೇಳುವುದು ಪಟ್ಟೆತಲೆ ಹೆಬ್ಬಾತನ್ನು. ಹಿಮಾಲಯ ದಾಟಿ ಬರುವ ಹಕ್ಕಿ ಎಂಬ ಹೆಸರೇ ಅದಕ್ಕೆ ಸಾಕು. ಆದರೆ ಬಿಸಿಲೇರಿದ ಮೇಲೆ ಹೋದರೆ ಅದು ನೀರಿನ ನಡುವೆ ತಲೆ ಹಿಂದಕ್ಕೆ ಹುದುಗಿಸಿ ಮಲಗಿರುತ್ತದೆ, ಅಷ್ಟೆ. ಅದು ಹೆಚ್ಚಾಗಿ ಮೇಯುವುದು ರಾತ್ರಿ, ಹೊಲಗಳಲ್ಲಿ. ಕಡಲೆ, ಭತ್ತದ ಎಳೆ ಪೈರೆಂದರೆ ಪ್ರಾಣ. ರೈತರು ಡಬ್ಬಿ ಬಡಿಯುವುದು ಸುಮ್ಮನೆ ಅಲ್ಲ. ಆದ್ದರಿಂದ ನಾನು ನಸುಕಿನಲ್ಲೇ ಹೊಲ ಮತ್ತು ನೀರಿನ ನಡುವೆ ಒಂದು ಬದುವಿನ ಪಕ್ಕ ಕೂರುತ್ತೇನೆ. ಮೊದಲು ಮೂಗಿನಿಂದ ಬಂದಂಥ ಕೂಗು, ಆಮೇಲೆ ಸಾಲು. ಇಳಿಯುವಾಗ ರೆಕ್ಕೆ ಬಾಗಿಸಿ, ಕಿತ್ತಳೆ ಕಾಲು ಮುಂದೆ ಚಾಚಿ ಬರುತ್ತವೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಸ್ಪಷ್ಟವಾಗಿದ್ದರೆ ಬೆಳೆದ ಹಕ್ಕಿ. ಪಟ್ಟೆಯಿಲ್ಲದೆ ನೆತ್ತಿ, ಕುತ್ತಿಗೆಯ ಹಿಂಭಾಗ ಮಬ್ಬು ಕಂದಾಗಿದ್ದರೆ ಆ ವರ್ಷದ ಮರಿ. ಹಿಂಡಿನಲ್ಲಿ ಮರಿಗಳೆಷ್ಟು ಎಂದು ನೋಡುವುದು ಒಟ್ಟು ಸಂಖ್ಯೆಗಿಂತ ನನಗೆ ಹೆಚ್ಚು ರುಚಿ.

ಬೆಳಕಿನದು ಇನ್ನೊಂದು ತಕರಾರು. ಎಡದಂಡೆಯಲ್ಲಿ, ಅಂದರೆ ಕೊಪ್ಪಳದ ಕಡೆ, ನಿಂತರೆ ನೀರು ದಕ್ಷಿಣಕ್ಕೆ, ಚಳಿಗಾಲದ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ. ನೇರವಾಗಿ ನೋಡಿದರೆ ಸೂಜಿಬಾಲದ ಬಾತು, ಚಲುಕದ ಬಾತು ಎಲ್ಲವೂ ಕರಿ ನೆರಳು. ಬೆಳಿಗ್ಗೆ ಪಶ್ಚಿಮದ ಕಡೆಗೆ, ಸಂಜೆ ಪೂರ್ವದ ಕಡೆಗೆ ತಿರುಗಿ ನೋಡುವಂತೆ ಜಾಗ ಹಿಡಿಯಬೇಕು. ಹತ್ತು ಗಂಟೆಯ ನಂತರ ನೀರಿನ ಮೇಲೆ ಬಿಸಿಲ ಝಳ ಕುಣಿಯತೊಡಗಿದರೆ ಎಂಥ ದುಬಾರಿ ದುರ್ಬೀನು ಇದ್ದರೂ ಪ್ರಯೋಜನವಿಲ್ಲ. ಆಗ ನಾನು ಜೋಳದ ಹೊಲಗಳ ಕಡೆ ತಿರುಗುತ್ತೇನೆ: ಗುಲಾಬಿ ಕಬ್ಬಕ್ಕಿಗಳ ಮೋಡ, ಅದರ ಮೇಲೆ ತಗ್ಗಿನಲ್ಲಿ ಓಲಾಡುವ ಸೆಳೆವ ಎಂಬ ಬೇಟೆಹಕ್ಕಿ. ಹೊಲಕ್ಕೆ ಕಾಲಿಡುವ ಮುನ್ನ "ಕಾಕಾ, ಬದುವಿನ ಮೇಲೆ ಹೋಗಲೇ?" ಎಂದು ಕೇಳಿದರೆ ಬೇಡ ಎಂದವರು ಅಪರೂಪ. ರಾತ್ರಿ ಹೆಬ್ಬಾತು ಎಲ್ಲಿ ಇಳಿದಿತ್ತು ಎಂಬ ಸುದ್ದಿಯೂ ಅವರ ಬಾಯಿಂದಲೇ ಬರುತ್ತದೆ.

ಎಣಿಸುವಾಗ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಹಿಡಿಸುವಷ್ಟು ಜಾಗವನ್ನು ಕಣ್ಣಲ್ಲಿ ಇಟ್ಟುಕೊಂಡು ಉಳಿದ ಹಿಂಡನ್ನು ಅಳೆಯುತ್ತೇನೆ. ಮುದುಡಿ ಮಲಗಿದ ಹಿಂಡಿನಲ್ಲಿ ಈ ಲೆಕ್ಕ ಕಡಿಮೆಯೇ ಬರುತ್ತದೆ.

ಹೊಸಬರು ಮೊದಲು ಅಂಕಸಮುದ್ರಕ್ಕೆ ಹೋಗುವುದು ಒಳ್ಳೆಯದು. ಹಿಂದೆ ಬಳ್ಳಾರಿ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು, 98.76 ಹೆಕ್ಟೇರ್ ಅಷ್ಟೆ, ಹಕ್ಕಿ ಕಣ್ಣಳತೆಯಲ್ಲೇ ಇರುತ್ತದೆ. ಹಿನ್ನೀರಿನಲ್ಲಿ ಆ ಸೌಕರ್ಯವಿಲ್ಲ.

ಬೇಸಿಗೆ ಕಾಲಿಟ್ಟ ಮೇಲೆ ನಡುಗಡ್ಡೆಗಳಲ್ಲಿ ನದಿ ರೀವ ಎಂಬ ನೀರುಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ತಾಯಿ ಎದ್ದು ಹಾರಿದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿಗೆ ಕರೆದೊಯ್ಯಿರಿ ಎಂದು ತೆಪ್ಪದವರನ್ನು ನಾನು ಕೇಳುವುದಿಲ್ಲ.